ಪಾದ್ರಿಯ ಮನೆಯಿಂದ ಕಿರುತೆರೆಯವರೆಗೆ: ಜೇನ್ ಆಸ್ಟಿನ್

ಪ್ರೇಮಕಥೆಗೆ ಕಾಲದ ಹಂಗಿಲ್ಲ ಎನ್ನುವುದು ವಾಡಿಕೆಯ ಮಾತು. ಆದರೆ ಇನ್ನೂರು ವರ್ಷಗಳ ಹಿಂದೆ ಬರೆದ ಕಾದಂಬರಿಯೊಂದು ಮತ್ತೆ ಮತ್ತೆ ಕಿರುತೆರೆಗೆ ಬಂದು, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದಾದರೆ, ಅದಕ್ಕೆ ಪ್ರೇಮವೊಂದೇ ಕಾರಣವಾಗಿರಲಾರದು. ಇಂಗ್ಲೆಂಡಿನ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಇದಕ್ಕೆ ಎಲ್ಲರಿಗಿಂತ ದೊಡ್ಡ ನಿದರ್ಶನ. ಆಕೆ ಪೂರ್ಣಗೊಳಿಸಿ ಪ್ರಕಟವಾದ ದೊಡ್ಡ ಕಾದಂಬರಿಗಳು ಕೇವಲ ಆರು. ಆರೂ ಮದುವೆಯಲ್ಲಿ ಮುಗಿಯುತ್ತವೆ. ಆರೂ ಕಿರುತೆರೆಗೆ ಬಂದಿವೆ, ಹೆಚ್ಚಿನವು ಒಂದಕ್ಕಿಂತ ಹೆಚ್ಚು ಬಾರಿ.

ಮಹಾನಗರಗಳಲ್ಲಿ ನೆಲೆಸಿದ ನಮಗೂ ಈಕೆಯ ಕಥೆಗಳು ಅಪರಿಚಿತವಲ್ಲ. ಲೇಖಕಿಯ ಹೆಸರು ತಿಳಿಯದೆಯೇ ನಮ್ಮಲ್ಲಿ ಅನೇಕರು ಅವನ್ನು ನೋಡಿದ್ದಾರೆ. 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ತೃಷ್ಣಾ’ ಎಂಬ ಹಿಂದಿ ಧಾರಾವಾಹಿಯ ಮೂಲ ಆಕೆಯ ‘ಪ್ರೈಡ್ ಅಂಡ್ ಪ್ರೆಜುಡಿಸ್’. ಚೆನ್ನೈಯ ಕನ್ನಡಿಗರು 2000ದಲ್ಲಿ ಮೆಚ್ಚಿ ನೋಡಿದ, ರಾಜೀವ್ ಮೆನನ್ ನಿರ್ದೇಶನದ ‘ಕಂಡುಕೊಂಡೇನ್ ಕಂಡುಕೊಂಡೇನ್’ ಚಿತ್ರಕ್ಕೆ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಆಧಾರ. ಮನೆಯ ಹಿರಿಯ ತೀರಿಕೊಂಡೊಡನೆ ತಾಯಿಯೂ ಹೆಣ್ಣುಮಕ್ಕಳೂ ಹುಟ್ಟಿ ಬೆಳೆದ ಮನೆಯನ್ನು ಬಿಟ್ಟು ಹೊರಡಬೇಕಾಗುವ ಆ ಸನ್ನಿವೇಶ ಇಂಗ್ಲೆಂಡಿನದೋ ತಮಿಳುನಾಡಿನದೋ ಎಂಬ ಸಂದೇಹ ಯಾರಿಗೂ ಬರಲಿಲ್ಲ. 2010ರ ‘ಆಯಿಷಾ’ ಹಿಂದಿ ಚಿತ್ರ ‘ಎಮ್ಮಾ’ ಕಾದಂಬರಿಯನ್ನು ದೆಹಲಿಯ ಸಿರಿವಂತ ಬಡಾವಣೆಗಳಿಗೆ ತಂದಿತು. ಇಷ್ಟು ದೂರ ನಡೆದುಬಂದ ಈ ಕಥೆಗಳ ಶಕ್ತಿ ಎಲ್ಲಿದೆ ಎಂಬುದನ್ನು ಅರಿಯಬೇಕಾದರೆ ಅವುಗಳನ್ನು ಬರೆದವಳ ಬದುಕನ್ನು ನೋಡಬೇಕು.

ಜೇನ್ ಆಸ್ಟಿನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಹ್ಯಾಂಪ್‌ಷೈರ್ ಪ್ರಾಂತದ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ. ತಂದೆ ಜಾರ್ಜ್ ಆಸ್ಟಿನ್ ಅಲ್ಲಿನ ಚರ್ಚಿನ ಪಾದ್ರಿ. ಎಂಟು ಮಕ್ಕಳಲ್ಲಿ ಜೇನ್ ಏಳನೆಯವಳು; ಆರು ಮಂದಿ ಸಹೋದರರು, ಒಬ್ಬಳೇ ಅಕ್ಕ ಕಸಾಂಡ್ರ. ಪಾದ್ರಿಯ ವರಮಾನ ದೊಡ್ಡ ಸಂಸಾರಕ್ಕೆ ಸಾಲದೆ, ಆತ ಮನೆಯಲ್ಲೇ ಹುಡುಗರನ್ನಿರಿಸಿಕೊಂಡು ಪಾಠ ಹೇಳುತ್ತಿದ್ದ. ಜೊತೆಗೆ ಬೇಸಾಯವನ್ನೂ ಮಾಡಿಸುತ್ತಿದ್ದ. ಜೇನ್ ಶಾಲೆಯಲ್ಲಿ ಕಲಿತದ್ದು ಅಲ್ಪ. 1786ರ ಕೊನೆಯ ವೇಳೆಗೆ ಅಕ್ಕತಂಗಿಯರಿಬ್ಬರೂ ರೆಡಿಂಗ್ ಪಟ್ಟಣದ ವಸತಿಶಾಲೆಯಿಂದ ಮನೆಗೆ ಮರಳಿದ್ದರು. ಆಮೇಲಿನ ವಿದ್ಯಾಭ್ಯಾಸವೆಲ್ಲ ತಂದೆಯ ಪುಸ್ತಕಭಂಡಾರದಲ್ಲಿಯೇ. ರಜೆಯ ದಿನಗಳಲ್ಲಿ ಮನೆಯ ಕಣಜದಲ್ಲಿ ಅಣ್ಣಂದಿರು ನಾಟಕವಾಡುತ್ತಿದ್ದರು. ಮುಂದೆ ಆಕೆಯ ಕಾದಂಬರಿಗಳ ಸಂಭಾಷಣೆ ಹೆಚ್ಚಿನ ತಿದ್ದುಪಡಿಯಿಲ್ಲದೆ ನಟರ ನಾಲಗೆಗೆ ಹೊಂದಿಕೊಳ್ಳುವುದರ ಹಿಂದೆ ಈ ಬಾಲ್ಯದ ರಂಗಾನುಭವವೂ ಇರಬೇಕೆಂದು ನಾವು ಭಾವಿಸುತ್ತೇವೆ.

ಇಪ್ಪತ್ತರ ವಯಸ್ಸಿನಲ್ಲಿ, 1795–96ರ ಚಳಿಗಾಲದಲ್ಲಿ, ಆಕೆಗೆ ಟಾಮ್ ಲೆಫ್ರಾಯ್ ಎಂಬ ಐರಿಷ್ ತರುಣನ ಪರಿಚಯವಾಯಿತು. ನೃತ್ಯಕೂಟಗಳಲ್ಲಿ ಇಬ್ಬರೂ ಕೂಡಿ ಕುಣಿದರು. ನೆರೆಹೊರೆಯವರ ಬಾಯಿಗೂ ಬಿದ್ದರು. ತರುಣನಿಗೆ ಸ್ವಂತ ಹಣವಿರಲಿಲ್ಲ, ಜೇನ್‌ಗೂ ಇರಲಿಲ್ಲ. ಆತನ ಬಂಧುಗಳು ಆತನನ್ನು ಬೇಗನೆ ಅಲ್ಲಿಂದ ಕಳುಹಿಸಿಬಿಟ್ಟರು. ಮುಂದೆ ಆತ ಐರ್ಲೆಂಡಿನಲ್ಲಿ ಮುಖ್ಯ ನ್ಯಾಯಾಧೀಶನಾದ. ಕಸಾಂಡ್ರಳ ವಿಷಯದಲ್ಲಿ ವಿಧಿ ಇನ್ನೂ ಕಠಿಣವಾಯಿತು. ಆಕೆಗೆ ನಿಶ್ಚಯವಾಗಿದ್ದ ವರ ಸೈನ್ಯದ ಪಾದ್ರಿಯಾಗಿ ವೆಸ್ಟ್ ಇಂಡೀಸಿಗೆ ಹೋದವನು 1797ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡ. ಅಕ್ಕತಂಗಿಯರಿಬ್ಬರೂ ಕೊನೆಯವರೆಗೆ ಅವಿವಾಹಿತರಾಗಿ ಒಟ್ಟಿಗೇ ಬಾಳಿದರು.

ಅದೇ 1797ರಲ್ಲಿ ಜೇನ್ ‘ಫಸ್ಟ್ ಇಂಪ್ರೆಷನ್ಸ್’ ಎಂಬ ಕಾದಂಬರಿಯನ್ನು ಬರೆದು ಮುಗಿಸಿದ್ದಳು. ತಂದೆ ಅಭಿಮಾನದಿಂದ ಲಂಡನ್ನಿನ ಪ್ರಕಾಶಕನೊಬ್ಬನಿಗೆ ಪತ್ರ ಬರೆದರೆ, ಆತ ಹಸ್ತಪ್ರತಿಯನ್ನು ತರಿಸಿ ನೋಡುವ ಸೌಜನ್ಯವನ್ನೂ ತೋರದೆ ಕಾಗದವನ್ನು ಹಿಂತಿರುಗಿಸಿದ. ಹದಿನಾರು ವರ್ಷಗಳ ತರುವಾಯ ತಿದ್ದಿದ ರೂಪದಲ್ಲಿ ಹೊರಬಂದ ಆ ಕೃತಿಯೇ ‘ಪ್ರೈಡ್ ಅಂಡ್ ಪ್ರೆಜುಡಿಸ್’.

1801ರಲ್ಲಿ ತಂದೆ ನಿವೃತ್ತನಾಗಿ ಸಂಸಾರದೊಡನೆ ಬಾತ್ ನಗರಕ್ಕೆ ಹೋದ. ಹುಟ್ಟಿದ ಮನೆಯನ್ನು ಬಿಡುವಾಗ ಪುಸ್ತಕಗಳೂ ಜೇನ್ ನುಡಿಸುತ್ತಿದ್ದ ಪಿಯಾನೋವೂ ಮಾರಾಟವಾದವು. ಮರುವರ್ಷ ಡಿಸೆಂಬರಿನಲ್ಲಿ ಆಕೆಯ ಬದುಕಿನ ದೊಡ್ಡ ಪರೀಕ್ಷೆ ಬಂದಿತು. ಕುಟುಂಬದ ಹಳೆಯ ಸ್ನೇಹಿತರ ಮಗ, ವಿಶಾಲವಾದ ಆಸ್ತಿಗೆ ವಾರಸುದಾರ, ಹ್ಯಾರಿಸ್ ಬಿಗ್-ವಿದರ್ ಆಕೆಯನ್ನು ಮದುವೆಯಾಗುವಂತೆ ಕೇಳಿದ. ಆಕೆಗೆ ಇಪ್ಪತ್ತೇಳು ತುಂಬುವುದರಲ್ಲಿತ್ತು. ಒಪ್ಪಿಕೊಂಡರೆ ತನಗಷ್ಟೇ ಅಲ್ಲ, ತಾಯಿಗೂ ಅಕ್ಕನಿಗೂ ಜೀವನಪೂರ್ತಿ ನೆಲೆ. ಸಂಜೆ ಆಕೆ ಒಪ್ಪಿಕೊಂಡಳು. ರಾತ್ರಿ ಕಳೆಯಿತು. ಬೆಳಗಾದೊಡನೆ ತನ್ನ ಮಾತನ್ನು ಹಿಂತೆಗೆದುಕೊಂಡು, ಅಕ್ಕನೊಡನೆ ಗಾಡಿಯೇರಿ ಆ ಮನೆಯಿಂದ ಹೊರಟುಬಿಟ್ಟಳು. ಆ ಒಂದು ರಾತ್ರಿಯಲ್ಲಿ ಆಕೆ ಏನೇನು ಯೋಚಿಸಿದಳೆಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ. ಆದರೆ ಪ್ರೀತಿಯಿಲ್ಲದ ಮದುವೆಗೂ ಆಸರೆಯಿಲ್ಲದ ಮುಪ್ಪಿಗೂ ನಡುವೆ ಹೆಣ್ಣೊಬ್ಬಳು ಆಯ್ಕೆ ಮಾಡಬೇಕಾದ ಸಂಕಟ ಆಕೆಯ ಎಲ್ಲ ಕಾದಂಬರಿಗಳಲ್ಲಿಯೂ ಇದೆ.

ಆ ಭಯವೇನೂ ಕಾಲ್ಪನಿಕವಾಗಿರಲಿಲ್ಲ. 1805ರ ಜನವರಿಯಲ್ಲಿ ತಂದೆ ತೀರಿಕೊಂಡ. ಆತನೊಡನೆ ಆತನ ವರಮಾನವೂ ನಿಂತುಹೋಯಿತು. ತಾಯಿಗೆ ಸ್ವಲ್ಪ ಹಣವಿತ್ತು. ಕಸಾಂಡ್ರಳಿಗೆ ಮೃತನಾದ ವರ ಬಿಟ್ಟುಹೋಗಿದ್ದ ಸಾವಿರ ಪೌಂಡ್ ಇತ್ತು. ಜೇನ್‌ಗೆ ಏನೂ ಇರಲಿಲ್ಲ. ಸಹೋದರರು ವರ್ಷಕ್ಕೆ ಇಷ್ಟಿಷ್ಟೆಂದು ಹಂಚಿಕೊಂಡು ಅವರನ್ನು ಸಲಹಿದರು. ನಾಲ್ಕು ವರ್ಷ ಬಾಡಿಗೆಮನೆಗಳಲ್ಲಿ, ಬಂಧುಗಳ ಮನೆಗಳಲ್ಲಿ, ಸೌತಾಂಪ್ಟನ್ನಿನಲ್ಲಿ ನೌಕಾಧಿಕಾರಿಯಾಗಿದ್ದ ಸಹೋದರನ ಸಂಸಾರದಲ್ಲಿ ಕಳೆದವು. ಶ್ರೀಮಂತ ಬಂಧುಗಳಿಗೆ ದತ್ತುಹೋಗಿದ್ದ ಅಣ್ಣ ಎಡ್ವರ್ಡ್ 1809ರಲ್ಲಿ ಚಾಟನ್ ಹಳ್ಳಿಯ ಮನೆಯೊಂದನ್ನು ಬಿಟ್ಟುಕೊಟ್ಟ ಮೇಲೆಯೇ ತಾಯಿ ಮತ್ತು ಹೆಣ್ಣುಮಕ್ಕಳಿಗೆ ಸ್ಥಿರವಾದ ಸೂರು ಸಿಕ್ಕಿದ್ದು.

ನೆಲೆ ಸಿಕ್ಕಿತು, ಲೇಖನಿ ಓಡಿತು. ಕಿಟಕಿಯ ಬಳಿಯ ಒಂದು ಪುಟ್ಟ ಮೇಜಿನ ಮೇಲೆ ಆಕೆ ಬರೆಯುತ್ತಿದ್ದಳು. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಲೇಖಕಿಯ ಹೆಸರಿಲ್ಲದೆ, ಓರ್ವ ಮಹಿಳೆ ಬರೆದದ್ದು ಎಂಬ ಸೂಚನೆಯೊಡನೆ ಪ್ರಕಟವಾಯಿತು. ನಷ್ಟವಾದರೆ ತಾನೇ ತುಂಬಿಕೊಡುವುದಾಗಿ ಆಕೆ ಒಪ್ಪಿಕೊಂಡಿದ್ದಳು. ನಷ್ಟವಾಗಲಿಲ್ಲ, 140 ಪೌಂಡ್ ಲಾಭ ಬಂದಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೃತಿಯ ಹಕ್ಕನ್ನು 110 ಪೌಂಡಿಗೆ ಪೂರ್ತಿಯಾಗಿ ಮಾರಿದ್ದರಿಂದ, 1813ರಲ್ಲಿ ಅದು ಹೊರಬಂದು ಜನಪ್ರಿಯವಾದಾಗ ಲಾಭವೆಲ್ಲ ಪ್ರಕಾಶಕನ ಪಾಲಾಯಿತು. 1814ರಲ್ಲಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’, 1815ರ ಕೊನೆಯಲ್ಲಿ ‘ಎಮ್ಮಾ’ ಬಂದವು. ಬರವಣಿಗೆಯಿಂದ ಗಳಿಸಿದ್ದರಲ್ಲಿ 600 ಪೌಂಡನ್ನು ಆಕೆ ಶೇಕಡಾ 5ರ ಬಡ್ಡಿಯ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿದ್ದಳು.

ಬ್ಯಾಂಕಿನ ಖಾತೆಪುಸ್ತಕಗಳ ನಡುವೆ ಆಯುಷ್ಯ ಸವೆಸಿದ ನಮ್ಮಂಥವರಿಗೆ ಈ ಕಥೆಯಲ್ಲಿ ಇನ್ನೊಂದು ವಿಶೇಷವೂ ಕಾಣುತ್ತದೆ. ಆಕೆಯ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುತ್ತಿದ್ದ ಸಹೋದರ ಹೆನ್ರಿ ಲಂಡನ್ನಿನಲ್ಲಿ ಬ್ಯಾಂಕ್ ನಡೆಸುತ್ತಿದ್ದ. ನೆಪೋಲಿಯನ್ನನ ಮೇಲಿನ ಯುದ್ಧ ಮುಗಿದ ನಂತರದ ಮುಗ್ಗಟ್ಟಿನಲ್ಲಿ, 1816ರ ಮಾರ್ಚ್ ತಿಂಗಳಿನಲ್ಲಿ ಆ ಬ್ಯಾಂಕ್ ಮುಳುಗಿತು. ಜೇನ್ ಕಳೆದುಕೊಂಡದ್ದು ಸ್ವಲ್ಪವೇ. ಆದರೆ ಜಾಮೀನು ನಿಂತಿದ್ದ ಅಣ್ಣ ಎಡ್ವರ್ಡ್ 20,000 ಪೌಂಡ್ ತೆರಬೇಕಾಯಿತು. ತಾಯಿ ಮತ್ತು ತಂಗಿಯರಿಗೆ ವರ್ಷವರ್ಷವೂ ಹಣ ಕೊಡುವುದು ಹೆನ್ರಿಗೆ ಆಗದ ಮಾತಾಯಿತು. ಪಾತ್ರವೊಂದು ಪ್ರವೇಶಿಸಿದೊಡನೆ ಅದರ ವಾರ್ಷಿಕ ಆದಾಯವನ್ನು ಆಸ್ಟಿನ್ ಏಕೆ ಹೇಳಿಬಿಡುತ್ತಾಳೆಂಬುದು ಇಂಥ ಬದುಕನ್ನು ಅರಿತವರಿಗೆ ಒಗಟಾಗಲಾರದು. ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್. ಬೆನೆಟ್ ಮನೆತನಕ್ಕೆ 2,000, ಅದೂ ತಂದೆಯ ಕಾಲಾನಂತರ ಹೆಣ್ಣುಮಕ್ಕಳಿಗಲ್ಲ, ದೂರದ ಗಂಡು ದಾಯಾದಿಗೆ. ಆ ದಾಯಾದಿ ಕಾಲಿನ್ಸ್ ಎಲಿಜಬೆತ್‌ಳನ್ನು ಮದುವೆಯಾಗಲು ಕೇಳುವಾಗ ಆಕೆಯ ಪಾಲಿಗೆ ಬರಲಿರುವ ಸಾವಿರ ಪೌಂಡಿನ ಸಾಲಪತ್ರವನ್ನೂ ಅದರ ಬಡ್ಡಿಯ ದರವನ್ನೂ ನೆನಪಿಸುತ್ತಾನೆ. ಓದುವಾಗ ನಗು ಬರುತ್ತದೆ. ನಕ್ಕ ಮೇಲೆ ಮನಸ್ಸು ಭಾರವಾಗುತ್ತದೆ.

1816ರಿಂದ ಜೇನ್‌ಳ ಆರೋಗ್ಯ ಕುಂದಿತು. ಆ ವರ್ಷ ‘ಪರ್ಸುಯೇಷನ್’ ಮುಗಿಸಿದಳು. ಬಂಧುಗಳ ಮಾತು ಕೇಳಿ ಪ್ರಿಯಕರನನ್ನು ಬಿಟ್ಟ ಹೆಣ್ಣಿಗೆ ಎಂಟು ವರ್ಷಗಳ ನಂತರ ಅವನು ಮರಳಿ ಸಿಗುವ ಕಥೆ ಅದು. ಬದುಕು ತನಗೆ ಕೊಡದ ಎರಡನೆಯ ಅವಕಾಶವನ್ನು ಆಕೆ ತನ್ನ ನಾಯಕಿಗೆ ಕೊಟ್ಟಳೆಂದು ಹೇಳಬಹುದೇನೋ. 1817ರ ಜನವರಿಯಲ್ಲಿ ಆರಂಭಿಸಿದ ಮತ್ತೊಂದು ಕಾದಂಬರಿ ಅರ್ಧಕ್ಕೇ ನಿಂತಿತು. ಚಿಕಿತ್ಸೆಗೆಂದು ವಿಂಚೆಸ್ಟರ್ ನಗರಕ್ಕೆ ಕರೆದೊಯ್ದರೂ ಫಲವಾಗದೆ, ಜುಲೈ 18ರಂದು ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ಅಕ್ಕನ ಸನಿಹದಲ್ಲಿ ಕೊನೆಯುಸಿರೆಳೆದಳು. ಆಕೆಯನ್ನು ವಿಂಚೆಸ್ಟರಿನ ದೊಡ್ಡ ಚರ್ಚಿನಲ್ಲಿ ಸಮಾಧಿ ಮಾಡಿದರು. ಸಮಾಧಿಯ ಕಲ್ಲಿನ ಮೇಲೆ ಆಕೆಯ ಸದ್ಗುಣಗಳೆಲ್ಲ ಕೆತ್ತಲ್ಪಟ್ಟವು. ಆಕೆ ಕಾದಂಬರಿ ಬರೆದಳೆಂಬ ಮಾತೊಂದನ್ನು ಬಿಟ್ಟು. ‘ನಾರ್ಥ್ಯಾಂಗರ್ ಅಬೆ’ ಮತ್ತು ‘ಪರ್ಸುಯೇಷನ್’ ಆ ವರ್ಷದ ಕೊನೆಯಲ್ಲಿ ಒಟ್ಟಿಗೆ ಪ್ರಕಟವಾದಾಗ ಹೆನ್ರಿ ಬರೆದ ಪರಿಚಯದಿಂದ ಆಕೆಯ ಹೆಸರು ಲೋಕಕ್ಕೆ ತಿಳಿಯಿತು. ತಂಗಿಯ ಪತ್ರಗಳಲ್ಲಿ ಬಹುಪಾಲನ್ನು ಕಸಾಂಡ್ರ ಮುಂದೆ ಸುಟ್ಟುಹಾಕಿದಳು.

ಈಗ ಕಿರುತೆರೆಯ ಮಾತಿಗೆ ಬರೋಣ. ದೂರದರ್ಶನ ಇನ್ನೂ ತೊಟ್ಟಿಲಲ್ಲಿದ್ದ 1938ರಲ್ಲಿಯೇ ಬಿಬಿಸಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಪ್ರಸಾರ ಮಾಡಿತ್ತು. ಅನಂತರ ಬಂದ ಅವತರಣಿಕೆಗಳಲ್ಲಿ 1980ರ ಫೇ ವೆಲ್ಡನ್ ರೂಪಾಂತರ ಒಂದು ಮೈಲಿಗಲ್ಲು. ಆದರೆ ಜಗತ್ತನ್ನೇ ಸೂರೆಗೊಂಡದ್ದು 1995ರ ಶರತ್ಕಾಲದಲ್ಲಿ ಆರು ಕಂತುಗಳಲ್ಲಿ ಬಂದ ಆಂಡ್ರ್ಯೂ ಡೇವಿಸ್ ರೂಪಾಂತರ. ಜೆನಿಫರ್ ಎಲೀ ಎಲಿಜಬೆತ್ ಆಗಿ, ಕಾಲಿನ್ ಫರ್ತ್ ಡಾರ್ಸಿಯಾಗಿ ನಟಿಸಿದ ಇದರ ಕೊನೆಯ ಕಂತನ್ನು ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ನೋಡಿದರು. ಡಾರ್ಸಿಯ ಬಂಗಲೆಯಾಗಿ ಕಾಣಿಸಿಕೊಂಡ ಲೈಮ್ ಪಾರ್ಕ್ ಪ್ರೇಕ್ಷಕರ ಯಾತ್ರಾಸ್ಥಳವೇ ಆಯಿತು.

ಈ ಆಕರ್ಷಣೆಗೆ ಕೆಲವು ಕಾರಣಗಳು ನಮಗೆ ತೋರುತ್ತವೆ. ಮೊದಲನೆಯದು ನಿಧಾನ. ಆಸ್ಟಿನ್‌ಳ ಕಾದಂಬರಿಗಳು ಮೂರು ಮೂರು ಸಂಪುಟಗಳಾಗಿ ಅಚ್ಚಾಗುತ್ತಿದ್ದವು. ಬಾಡಿಗೆ ಪುಸ್ತಕಾಲಯದಿಂದ ಒಂದೊಂದೇ ಸಂಪುಟ ತಂದು ಮನೆಯವರಿಗೆ ಓದಿಹೇಳುವುದು ರೂಢಿಯಲ್ಲಿತ್ತು. ಎರಡು ಗಂಟೆಯ ಚಿತ್ರಕ್ಕಿಂತ ವಾರಕ್ಕೊಂದರಂತೆ ಬರುವ ಕಂತು ಈ ನಡಿಗೆಗೆ ಹೆಚ್ಚು ಹತ್ತಿರ. ಎರಡನೆಯದು ಸಂಯಮ. ಒಂದು ನೋಟ, ನೃತ್ಯದಲ್ಲಿ ತಾಗಿದ ಕೈ, ತಲುಪಿದ ಒಂದು ಪತ್ರ, ಇಷ್ಟರಿಂದಲೇ ಪ್ರೇಮ ಬೆಳೆಯುತ್ತದೆ. ಹಿರಿಯರೊಡನೆ ಕುಳಿತು ಮುಜುಗರವಿಲ್ಲದೆ ನೋಡಬಹುದಾದ ಪ್ರೇಮಕಥೆಗಳು ಇವು. ಮೂರನೆಯದು ಮನೆ. ಸದಾ ಮದುವೆಯ ಚಿಂತೆಯಲ್ಲಿರುವ ತಾಯಿ, ಪುಸ್ತಕದ ಮರೆಯಲ್ಲಿ ಕುಳಿತ ತಂದೆ, ಮಾತು ಮೀರುವ ಕಿರಿಯ ಮಗಳು, ಬಂದ ಸಂಬಂಧವನ್ನು ಅಳೆದು ತೂಗುವ ನೆರೆಹೊರೆ: ಇವರನ್ನು ಕಾಣಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ.

ಕಿರುತೆರೆ ಕೂಡಿಸುವುದೂ ಇದೆ, ಕಳೆಯುವುದೂ ಇದೆ. ಡಾರ್ಸಿ ಕೊಳದಲ್ಲಿ ಮಿಂದು ಒದ್ದೆ ಅಂಗಿಯಲ್ಲಿ ಎಲಿಜಬೆತ್‌ಳಿಗೆ ಎದುರಾಗುವ ಪ್ರಸಿದ್ಧ ದೃಶ್ಯ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಹೆಣ್ಣಿನ ಕಿವಿಗೆ ಬೀಳದ ಗಂಡಸರ ಖಾಸಗಿ ಬದುಕನ್ನು ಆಸ್ಟಿನ್ ಬಹುಮಟ್ಟಿಗೆ ಬರೆಯಲೇ ಇಲ್ಲ. ತೆರೆಯ ಲೇಖಕ ಆ ಬಾಗಿಲನ್ನು ತೆರೆದ. ಅದರಿಂದ ನಾಯಕ ನಮಗೆ ಹತ್ತಿರವಾದದ್ದು ನಿಜ. ಆದರೆ ಕಥೆ ಹೇಳುವ ಆ ಹರಿತವಾದ, ನಸುನಗುವ ದನಿ ತೆರೆಯ ಮೇಲೆ ಪೂರ್ತಿಯಾಗಿ ಕೇಳಿಸದು. ಕಾದಂಬರಿಯ ಲೋಕಪ್ರಸಿದ್ಧ ಮೊದಲ ವಾಕ್ಯವನ್ನು 1995ರ ಧಾರಾವಾಹಿಯಲ್ಲಿ ಎಲಿಜಬೆತ್‌ಳ ಬಾಯಿಂದ ಹೇಳಿಸಬೇಕಾಯಿತು. ಹಸಿರು ಬಯಲು, ಬಂಗಲೆ, ರೇಷ್ಮೆಯ ಉಡುಪುಗಳ ಚೆಲುವಿನಲ್ಲಿ, ಮದುವೆಯಾಗದಿದ್ದರೆ ಈ ಹೆಣ್ಣುಮಕ್ಕಳ ಗತಿಯೇನು ಎಂಬ ಲೆಕ್ಕ ಮಸುಕಾಗುವ ಅಪಾಯವೂ ಇದೆ. ಪ್ರೀತಿಯಿಲ್ಲದೆಯೇ ಕಾಲಿನ್ಸ್‌ನನ್ನು ಒಪ್ಪಿಕೊಳ್ಳುವ ಶಾರ್ಲೆಟ್ ಲೂಕಸ್‌ಳನ್ನು ಕಂಡು ಪ್ರೇಕ್ಷಕರು ಮರುಗುವುದು ಸಹಜ. ಆಕೆಗೂ ಇಪ್ಪತ್ತೇಳೇ ವಯಸ್ಸು. ಜೇನ್ ಇಲ್ಲವೆಂದ ವಯಸ್ಸಿನಲ್ಲಿ ಆಕೆ ಹೂಂ ಎಂದಳು. ಸೃಷ್ಟಿಸಿದವಳು ಆಕೆಯನ್ನು ಪೂರ್ತಿಯಾಗಿ ದೂಷಿಸುವುದಿಲ್ಲ ಎಂಬುದನ್ನು ಪುಸ್ತಕವೇ ತಿಳಿಸಬೇಕು.

ಆದುದರಿಂದ ಧಾರಾವಾಹಿಯನ್ನು ನೋಡಿ ಸಂತೋಷಪಟ್ಟವರು ಪುಸ್ತಕಕ್ಕೂ ಕೈಚಾಚಬೇಕೆಂಬುದು ನಮ್ಮ ವಿನಂತಿ. ನಮ್ಮ ಮನೆಗಳಲ್ಲಿಯೂ ಜಾತಕ, ಸಂಬಳ, ಸ್ವಂತ ಮನೆ, ವಿದೇಶದ ನೌಕರಿ ಇವೆಲ್ಲವುಗಳ ಲೆಕ್ಕದ ನಡುವೆ ಹೆಣ್ಣುಮಕ್ಕಳ ಮನಸ್ಸನ್ನು ಕೇಳುವ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಹಣವನ್ನು ಕಡೆಗಣಿಸಬೇಡಿ, ಆದರೆ ಹಣಕ್ಕಾಗಿ ಮನಸ್ಸನ್ನು ಮಾರಬೇಡಿ ಎಂಬ ತಿಳಿವಳಿಕೆಯನ್ನು ಆಕೆ ಉಪದೇಶವಾಗಿ ಹೇಳದೆ ನಗುನಗುತ್ತಲೇ ಹೇಳಿದ್ದಾಳೆ.

1803ರಲ್ಲಿ ಆಕೆ ತನ್ನ ಕಾದಂಬರಿಯೊಂದನ್ನು ಮೊದಲ ಬಾರಿಗೆ ಪ್ರಕಾಶಕನೊಬ್ಬನಿಗೆ ಮಾರಿದ್ದು 10 ಪೌಂಡಿಗೆ. ಆತ ಅದನ್ನು ಅಚ್ಚು ಹಾಕಿಸದೆ ವರ್ಷಗಟ್ಟಲೆ ಇಟ್ಟುಕೊಂಡ. 1816ರಲ್ಲಿ ಅದೇ 10 ಪೌಂಡ್ ಹಿಂದಕ್ಕೆ ಕೊಟ್ಟು ಹಸ್ತಪ್ರತಿಯನ್ನು ಬಿಡಿಸಿಕೊಳ್ಳಬೇಕಾಯಿತು. ಆಕೆ ತೀರಿಕೊಂಡು ಸರಿಯಾಗಿ 200 ವರ್ಷಗಳಾದ 2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಆಕೆಯ ಭಾವಚಿತ್ರವಿರುವ ನೋಟನ್ನು ಹೊರತಂದಿತು. ಅದರ ಮುಖಬೆಲೆಯೂ 10 ಪೌಂಡ್.