ಏನು ಕೆಲಸ ಮಾಡ್ತೀರಿ ಅಂತ ಕೇಳಿದ ಡಾಕ್ಟರ್

ಚಿಕ್ಕಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಆಸ್ಪತ್ರೆಯ ಫಾರಂ ತುಂಬಿದ್ದು ನಾನು. ವಯಸ್ಸೆಷ್ಟು, ಮೊದಲು ಮುಟ್ಟಾಗಿದ್ದು ಯಾವಾಗ, ಮಕ್ಕಳೆಷ್ಟು, ಎಷ್ಟು ತಿಂಗಳು ಹಾಲೂಡಿಸಿದ್ದು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ, ಎಲ್ಲ ಕೇಳಿದರು. ಉದ್ಯೋಗ ಅನ್ನೋ ಕಡೆ ನರ್ಸ್ ಅಂತ ಬರೆದೆ. 22 ವರ್ಷದ ಸರ್ವಿಸಿನಲ್ಲಿ ಅರ್ಧಕ್ಕರ್ಧ ನೈಟ್ ಡ್ಯೂಟಿಯೇ. ಅದನ್ನ ಬರೆಯೋಕೆ ಜಾಗ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಆಗ ನನಗೆ ನೆನಪಾದದ್ದು 300 ವರ್ಷದ ಹಿಂದೆ ತೀರಿಹೋದ ಒಬ್ಬ ಡಾಕ್ಟರ್. ಬರ್ನಾರ್ಡಿನೊ ರಾಮಾಜಿನಿ.

ಹುಟ್ಟಿದ್ದು 1633ರಲ್ಲಿ, ಇಟಲಿಯ ಕಾರ್ಪಿ ಎಂಬ ಊರಲ್ಲಿ. ಪಾರ್ಮಾದಲ್ಲಿ ಓದಿ, ಮೊಡೆನಾದಲ್ಲಿ ಪ್ರೊಫೆಸರ್ ಆದರು. ಅವರ ದಾರಿ ಬದಲಿಸಿದ್ದು ಒಂದು ಮಲದ ಗುಂಡಿ. ತಮ್ಮದೇ ಮನೆಯ ಗುಂಡಿ ಖಾಲಿ ಮಾಡ್ತಿದ್ದ ಕೆಲಸಗಾರ ಯಾಕೋ ವಿಪರೀತ ಅವಸರ ಮಾಡ್ತಿದ್ದ. ರಾಮಾಜಿನಿ ಹತ್ತಿರ ಹೋಗಿ ವಿಚಾರಿಸಿದರು. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣೇ ಹೋಗುತ್ತೆ ಅನ್ನೋ ಭಯ ಅವನಿಗೆ. ಆಮೇಲೆ ಅದೇ ಕೆಲಸ ಮಾಡೋ ಬೇರೆಯವರನ್ನೂ ಹುಡುಕಿಕೊಂಡು ಹೋಗಿ ಅವರ ಕಣ್ಣು ನೋಡಿದರು. ಗುಂಡಿಗಿಳಿದವರನ್ನ ಮಾತಾಡಿಸೋದು ಎಷ್ಟು ದೊಡ್ಡ ವಿಷಯ ಅಂತ, ಇವತ್ತಿಗೂ ಮ್ಯಾನ್‌ಹೋಲಿನಲ್ಲಿ ಜನ ಸಾಯ್ತಿರೋ ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಗಣಿ ಕಾರ್ಮಿಕರು, ಕುಂಬಾರರು, ಬಟ್ಟೆ ಒಗೆಯುವವರು, ಸೂಲಗಿತ್ತಿಯರು, ಗುಮಾಸ್ತರು ಎಲ್ಲರ ಕಾಯಿಲೆಗಳನ್ನೂ ದಾಖಲಿಸುತ್ತಾ ಹೋದರು. 1700ರಲ್ಲಿ ಕೆಲಸಗಾರರ ರೋಗಗಳ ಬಗ್ಗೆ ಪುಸ್ತಕ ಬಂತು. ಅದೇ ವರ್ಷ ಪಡುವಾ ವಿಶ್ವವಿದ್ಯಾಲಯ ಸೇರಿದರು. ಡಾಕ್ಟರುಗಳಿಗೆ ಅವರು ಹೇಳಿದ್ದು ಇಷ್ಟೇ: ಬಡವರ ಮನೆಗೆ ಹೋದರೆ ಸಿಕ್ಕಿದ ಸ್ಟೂಲ್ ಮೇಲೇ ಕೂತು ಸಮಾಧಾನವಾಗಿ ಮಾತಾಡಿ, ಕೇಳುವ ಪ್ರಶ್ನೆಗಳ ಜೊತೆ ಏನು ಕೆಲಸ ಮಾಡ್ತೀರಿ ಅನ್ನೋದನ್ನೂ ಸೇರಿಸಿ.

ಆ ಕಣ್ಣಿನಿಂದಲೇ ಅವರು ಇನ್ನೊಂದನ್ನೂ ಕಂಡರು. ಸ್ತನ ಕ್ಯಾನ್ಸರ್ ಬೇರೆ ಹೆಂಗಸರಿಗಿಂತ ಕ್ರೈಸ್ತ ಸನ್ಯಾಸಿನಿಯರಲ್ಲಿ ಜಾಸ್ತಿ. ಗರ್ಭಕೋಶಕ್ಕೂ ಸ್ತನಕ್ಕೂ ಏನೋ ನಂಟಿದೆ ಅಂತ ಊಹಿಸಿದರು. ಹಾರ್ಮೋನ್ ಅನ್ನೋ ಪದವೇ ಹುಟ್ಟಿರಲಿಲ್ಲ. ಹೆರಿಗೆ, ಹಾಲೂಡಿಸುವುದು ಈ ಅಪಾಯವನ್ನ ತಗ್ಗಿಸುತ್ತವೆ ಅನ್ನೋದು ಈಗ ಗೊತ್ತಿರೋ ವಿಷಯ. ದೇಹ ಹೇಗೆ ಬದುಕಿತು ಅನ್ನೋದು ದೇಹದೊಳಗೆ ಉಳಿಯುತ್ತೆ ಅನ್ನೋ ಸುಳಿವು ಅವರಿಗೆ ಸಿಕ್ಕಿತ್ತು.

ಹೇಗೆ ಉಳಿಯುತ್ತೆ? ಒಂದು ಉತ್ತರ ಎಪಿಜೆನೆಟಿಕ್ಸ್. ನನ್ನ ಹಳೇ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಡಿಎನ್‌ಎ ಅನ್ನೋ ಕೋಡ್ ಹಾಗೇ ಇರುತ್ತೆ, ಯಾವ ಸಾಲು ರನ್ ಆಗಬೇಕು ಅನ್ನೋದು ಬದಲಾಗುತ್ತೆ. ಡಿಎನ್‌ಎಗೆ ಅಂಟಿಕೊಳ್ಳುವ ಮೀಥೈಲ್ ಎಂಬ ಸಣ್ಣ ಗುರುತುಗಳು ಇದರಲ್ಲಿ ಪಾತ್ರ ವಹಿಸುತ್ತವೆ. 2013ರಲ್ಲಿ ಸ್ಟೀವ್ ಹೋರ್ವತ್ ಎಂಬ ವಿಜ್ಞಾನಿ ಇಂಥ 353 ಜಾಗಗಳನ್ನ ಅಳೆದು ದೇಹದ ವಯಸ್ಸು ಹೇಳೋ ಗಡಿಯಾರ ಕಟ್ಟಿದರು. ಸ್ತನದ ಅಂಗಾಂಶ ದೇಹದ ಉಳಿದ ಭಾಗಕ್ಕಿಂತ ಬೇಗ ಮುದಿಯಾಗುತ್ತೆ ಅಂತ ಆ ಗಡಿಯಾರ ತೋರಿಸಿತು. 2019ರಲ್ಲಿ ಅಮೆರಿಕದ ಸಿಸ್ಟರ್ ಸ್ಟಡಿಯ ಮಹಿಳೆಯರ ರಕ್ತವನ್ನ ಪರೀಕ್ಷಿಸಿದಾಗ, ದೇಹದ ವಯಸ್ಸು ನಿಜವಾದ ವಯಸ್ಸಿಗಿಂತ 5 ವರ್ಷ ಮುಂದಿದ್ದರೆ ಸ್ತನ ಕ್ಯಾನ್ಸರ್ ಅಪಾಯ ಸುಮಾರು 15% ಹೆಚ್ಚು ಅಂತ ಒಂದು ಲೆಕ್ಕ ಬಂತು. ಇದು ನಂಟು ಮಾತ್ರ, ಕಾರಣ ಅಂತ ಸಾಬೀತಾಗಿಲ್ಲ. ಒಬ್ಬೊಬ್ಬರ ಭವಿಷ್ಯ ಹೇಳೋ ಟೆಸ್ಟೂ ಅಲ್ಲ.

ಆದರೂ ಇದು ರಾಜಕೀಯದ ಪ್ರಶ್ನೆ. ದೇಹ ಬೇಗ ಮುದಿಯಾಗೋದಕ್ಕೆ ಹಣೆಬರಹ ಒಂದೇ ಕಾರಣ ಅಲ್ಲ ಅಂದ್ಮೇಲೆ ಕೆಲಸ, ನಿದ್ದೆ, ಪಾಳಿ ಎಲ್ಲವೂ ಲೆಕ್ಕಕ್ಕೆ ಬರಬೇಕು. ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸ ಬಹುಶಃ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಹೇಳಿತ್ತು. 2019ರಲ್ಲಿ ಮತ್ತೆ ಪರಿಶೀಲಿಸಿ, ರಾತ್ರಿ ಪಾಳಿಯನ್ನ ಅದೇ ಪಟ್ಟಿಯಲ್ಲಿ ಉಳಿಸಿಕೊಂಡಿತು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಹೆಂಗಸರ ರಾತ್ರಿ ಪಾಳಿಗೆ ದಾರಿ ಮಾಡಿತು. ನಾವು ಹೆಚ್ಚಾಗಿ ಮಾತಾಡಿದ್ದು ಕ್ಯಾಬು, ಸಿಸಿಟಿವಿ ಬಗ್ಗೆ. ರಾತ್ರಿ ಕೆಲಸ ಹೆಂಗಸರಿಗೆ ಬೇಡ ಅಂತ ನಾನು ಹೇಳ್ತಿಲ್ಲ. ಅದಕ್ಕೆ ದೇಹ ಕೊಡೋ ಬೆಲೆಯನ್ನ ಯಾರಾದರೂ ಬರೆದಿಡಲಿ ಅಂತಷ್ಟೇ ಕೇಳ್ತಿದ್ದೀನಿ.

ರಾಮಾಜಿನಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಆದರೂ 1713ರಲ್ಲಿ ಪುಸ್ತಕ ಹಿಗ್ಗಿಸಿ, ಮತ್ತಷ್ಟು ಕಸುಬುಗಳನ್ನ ಸೇರಿಸಿದರು. ಮರುವರ್ಷ ನವೆಂಬರಿನಲ್ಲಿ ಪಡುವಾದಲ್ಲೇ ತೀರಿಕೊಂಡರು.

ಚಿಕ್ಕಮ್ಮ ಈಗ ಚೇತರಿಸಿಕೊಳ್ತಿದ್ದಾರೆ. ಅವರ ಕಾಯಿಲೆಗೆ ನೈಟ್ ಡ್ಯೂಟಿಯೇ ಕಾರಣ ಅಂತ ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಮುಂದಿನ ಸಲ ಚೆಕಪ್‌ಗೆ ಹೋದಾಗ ಫಾರಂನ ಅಂಚಿನಲ್ಲಾದರೂ ಅದನ್ನ ಬರೆದು ಬರ್ತೀನಿ. ಜಾಗ ಇಲ್ಲದಿದ್ದರೂ ಸರಿ.