ಉಪ್ಪು ಬೆವರಿನ ಮಕ್ಕಳು ಮತ್ತು ಡೊರೊತಿ ಆಂಡರ್ಸನ್

ಮಗುವಿಗೆ ಪದೇ ಪದೇ ಕೆಮ್ಮು, ನ್ಯುಮೋನಿಯಾ. ಹೊಟ್ಟೆ ತುಂಬ ಉಂಡರೂ ಮೈ ಹತ್ತುವುದಿಲ್ಲ, ಮಲದಲ್ಲಿ ಜಿಡ್ಡು. ಮುತ್ತಿಟ್ಟರೆ ತುಟಿಗೆ ಉಪ್ಪುಪ್ಪು. ಇವೆಲ್ಲ ಒಂದೇ ರೋಗದ ಲಕ್ಷಣಗಳಾಗಿರಬಹುದು: ಸಿಸ್ಟಿಕ್ ಫೈಬ್ರೋಸಿಸ್. ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ಗುರುತಿಸಿಕೊಟ್ಟ ಡೊರೊತಿ ಆಂಡರ್ಸನ್ ಅವರ ಕತೆಯನ್ನು ನಾವು ಇಲ್ಲಿ ನೋಡೋಣ.

ಡೊರೊತಿ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಆಶ್‌ವಿಲ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಕೀಯ ಓದಿ 1926ರಲ್ಲಿ ಪದವಿ ಪಡೆದರೂ, ಹೆಣ್ಣೆಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ತರಬೇತಿ ಸಿಗಲಿಲ್ಲ. ಹಾಗಾಗಿ ರೋಗಶಾಸ್ತ್ರದತ್ತ ತಿರುಗಿ, 1935ರಲ್ಲಿ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆ ಸೇರಿದರು.

ಅಲ್ಲಿ ಸೀಲಿಯಾಕ್ ಕಾಯಿಲೆಯಿಂದ ಸತ್ತಿದೆ ಎನ್ನಲಾದ ಮಗುವೊಂದರ ಶವಪರೀಕ್ಷೆ ಮಾಡುವಾಗ ಅವರಿಗೆ ಅನುಮಾನ ಬಂತು. ಮಗುವಿನ ಮೇದೋಜೀರಕ ಗ್ರಂಥಿ ಗಟ್ಟಿಯಾಗಿ, ಗುಳ್ಳೆಗಳಿಂದ ತುಂಬಿತ್ತು. ಸೀಲಿಯಾಕ್‌ನಲ್ಲಿ ಹೀಗಾಗುವುದಿಲ್ಲ. ಇನ್ನೊಬ್ಬರಾಗಿದ್ದರೆ ಷರಾ ಬರೆದು ಮುಂದೆ ಹೋಗುತ್ತಿದ್ದರೇನೋ. ಇವರು ಹಳೆಯ ದಾಖಲೆಗಳನ್ನು ಕೆದಕಿದರು, ಬೇರೆಡೆಯ ಪ್ರಕರಣಗಳನ್ನೂ ಕಲೆಹಾಕಿದರು. 1938ರಲ್ಲಿ 49 ಮಕ್ಕಳ ವಿವರಗಳೊಂದಿಗೆ ಪ್ರಬಂಧ ಪ್ರಕಟಿಸಿದರು. ಮೇದೋಜೀರಕದ ಈ ತೊಂದರೆಗೂ ಶ್ವಾಸಕೋಶದ ಸೋಂಕಿಗೂ ನಂಟಿದೆಯೆಂದು ಅದು ತೋರಿಸಿತು. ಮೈಯೊಳಗಿನ ಲೋಳೆ ಅಂಟಿನಂತಾಗಿ ಗ್ರಂಥಿಯ ನಾಳಗಳನ್ನೂ ಶ್ವಾಸನಾಳಗಳನ್ನೂ ಕಟ್ಟಿಬಿಡುವುದೇ ಇದಕ್ಕೆ ಕಾರಣವೆಂದು ಇಂದು ನಮಗೆ ಗೊತ್ತು.

ಸತ್ತ ಮೇಲೆ ರೋಗ ಗುರುತಿಸಿ ಏನು ಫಲ? ಬದುಕಿರುವ ಮಕ್ಕಳ ಸಣ್ಣಕರುಳಿನ ರಸ ತೆಗೆದು, ಅದರಲ್ಲಿ ಕಿಣ್ವಗಳಿವೆಯೇ ಎಂದು ನೋಡುವ ಪರೀಕ್ಷೆಯನ್ನು ಡೊರೊತಿ ಬಳಕೆಗೆ ತಂದರು. ಆಹಾರ ಕ್ರಮ ಬದಲಿಸಿದರು, ಕಿಣ್ವ ಕೊಟ್ಟರು, ಸಹೋದ್ಯೋಗಿ ಪಾಲ್ ಡಿ ಸಾಂಟ್‌ಆಗ್ನೀಸ್ ಜೊತೆಗೂಡಿ ಶ್ವಾಸಕೋಶದ ಸೋಂಕಿಗೆ ಆ್ಯಂಟಿಬಯಾಟಿಕ್ ಬಳಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಈ ರೋಗ ಕಾಣಿಸುತ್ತದೆಂದು 1946ರಲ್ಲೇ ವಾದಿಸಿದ್ದರು. ಆ ಜೀನ್ ಸಿಕ್ಕಿದ್ದು 1989ರಲ್ಲಿ.

ಉಪ್ಪಿನ ಸುಳಿವು ಕೊಟ್ಟಿದ್ದು ಸೆಖೆ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಲಿಗೆ ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗದವರೇ ಹೆಚ್ಚಿದ್ದರು. ಅವರ ಬೆವರಿನಲ್ಲಿ ಉಪ್ಪು ವಿಪರೀತವೆಂದು 1953ರಲ್ಲಿ ಡಿ ಸಾಂಟ್‌ಆಗ್ನೀಸ್ ತೋರಿಸಿದರು. ಇಂದಿಗೂ ರೋಗ ಖಚಿತವಾಗುವುದು ಮುಖ್ಯವಾಗಿ ಬೆವರಿನ ಪರೀಕ್ಷೆಯಿಂದಲೇ. ಇದಕ್ಕೆ ಸೂಜಿ ಚುಚ್ಚಬೇಕಿಲ್ಲ.

ಸಿಗರೇಟು ಬಿಡದ ಡೊರೊತಿ 1963ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇದು ಬಿಳಿಯರ ರೋಗ, ನಮ್ಮಲ್ಲಿಲ್ಲ ಎಂಬ ಮಾತು ತಪ್ಪು. ಭಾರತದಲ್ಲೂ ಇದೆ, ಕ್ಷಯವೆಂದೋ ಅಸ್ತಮಾ ಎಂದೋ ಮರೆಯಾಗಿಬಿಡುತ್ತದೆ. ಕಫ ಸಡಿಲಿಸುವ ಫಿಸಿಯೋಥೆರಪಿ, ಊಟದ ಜೊತೆ ಕಿಣ್ವ, ಹೆಚ್ಚು ಕ್ಯಾಲೊರಿಯ ಆಹಾರ, ಸೋಂಕಿಗೆ ತಕ್ಷಣ ಔಷಧ ಇವು ಚಿಕಿತ್ಸೆಯ ತಳಹದಿ. ನಮ್ಮ ಬೇಸಿಗೆಯಲ್ಲಂತೂ ಇಂಥ ಮಗುವಿಗೆ ಎಷ್ಟು ಉಪ್ಪು ಹೆಚ್ಚಿಗೆ ಕೊಡಬೇಕೆಂದು ವೈದ್ಯರನ್ನು ಕೇಳಲೇಬೇಕು.