ಲೂಯಿ ಪಾಶ್ಚರ್ ಮತ್ತು ನಮ್ಮ ಮನೆ ಬಾಗಿಲ ನಾಯಿಮರಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ನಮಗೆ ಒಪ್ಪಿಸಿದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು, ಬರವಣಿಗೆ ನಮ್ಮ ಕಸುಬಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಗಾಂಧೀಜಿ, ವಿಶ್ವೇಶ್ವರಯ್ಯನವರ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ ಅಂತ ನಾವು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಅವರನ್ನು ಆರಿಸಿಕೊಂಡೆವು. ಎಲ್ಲಿಯ ಫ್ರಾನ್ಸು, ಎಲ್ಲಿಯ ನಮ್ಮೂರು ಅಂತ ಕೆಲವರು ನಕ್ಕರು. ಆದರೆ ನಮ್ಮ ಹಾಲಿಗೆ, ರೇಷ್ಮೆಗೆ, ಕುರಿ ದನಕ್ಕೆ, ಕೊನೆಗೆ ಬಾಗಿಲಲ್ಲಿ ಮಲಗುವ ನಾಯಿಗೂ ಆ ಪುಣ್ಯಾತ್ಮರ ಋಣ ಇದೆ. ಪೂರ್ತಿ ಓದಿದ ಮೇಲೆ ನಗುವವರು ನಗಬಹುದು.

ಬಾಲ್ಯ

ಪಾಶ್ಚರ್ ಅವರು ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸಿಪಾಯಿಯಾಗಿದ್ದವರು, ಆಮೇಲೆ ಚರ್ಮ ಹದ ಮಾಡುವ ಕಸುಬು ಹಿಡಿದರು. ಸಂಸಾರ ಕೆಲವೇ ವರ್ಷಗಳಲ್ಲಿ ಆರ್ಬ್ವಾ ಎಂಬ ಸಣ್ಣ ಊರಿಗೆ ಬಂದು ನೆಲೆಸಿತು. ಬಾಲಕ ಲೂಯಿ ಶಾಲೆಯಲ್ಲಿ ಅಂಥಾ ಚುರುಕೇನೂ ಅಲ್ಲ, ಆದರೆ ಚಿತ್ರ ಬರೆಯುವುದರಲ್ಲಿ ಗಟ್ಟಿಗ.

1831ರಲ್ಲಿ ಆ ಸೀಮೆಗೆ ಒಂದು ಹುಚ್ಚು ತೋಳ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚಿತು. ಆಗ ಅದಕ್ಕಿದ್ದ ಮದ್ದು ಒಂದೇ. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ಎಳೆದುಕೊಂಡು ಹೋಗಿ, ಕಾದು ಕೆಂಪಾದ ಕಬ್ಬಿಣದಿಂದ ಗಾಯ ಸುಡುವುದು. ಎಂಟೊಂಬತ್ತು ವರ್ಷದ ಲೂಯಿಗೆ ಅದನ್ನು ಕಂಡ ನೆನಪು ಉಳಿಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲೂ ನಾಯಿ ಕಚ್ಚಿದರೆ ಬರೆ ಹಾಕುವುದು, ಸುಣ್ಣ ಮೆಣಸಿನಪುಡಿ ತುಂಬುವುದು ಇತ್ತು. ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಮಾಡುವುದನ್ನು ಕೇಳಿದ್ದೇವೆ.

ಹಾಲು, ರೇಷ್ಮೆ, ಕುರಿ

ಪಾಶ್ಚರ್ ಅವರು ಪ್ಯಾರಿಸ್ಸಿನಲ್ಲಿ ರಸಾಯನಶಾಸ್ತ್ರ ಓದಿದರು. ಡಾಕ್ಟರಿಕೆ ಓದಿದವರಲ್ಲ, ಇದು ಜ್ಞಾಪಕದಲ್ಲಿರಲಿ. 1849ರಲ್ಲಿ ಮೇರಿ ಲೋರಾನ್ ಎಂಬುವರನ್ನು ಮದುವೆಯಾದರು. 1854ರಲ್ಲಿ ಲಿಲ್ ಎಂಬ ಪಟ್ಟಣಕ್ಕೆ ಪ್ರೊಫೆಸರಾಗಿ ಹೋದರು. ಅಲ್ಲಿ ಬೀಟ್‌ರೂಟಿನಿಂದ ಮದ್ಯಸಾರ ತೆಗೆಯುವ ಒಬ್ಬರ ತೊಟ್ಟಿಗಳು ಹುಳಿ ಬಂದು ಕೆಡುತ್ತಿದ್ದವು. ಸೂಕ್ಷ್ಮದರ್ಶಕ ಇಟ್ಟು ನೋಡಿದಾಗ, ಹುಳಿ ಬರಿಸುವುದೂ ಕೆಡಿಸುವುದೂ ಕಣ್ಣಿಗೆ ಕಾಣದ ಜೀವಾಣುಗಳು ಅಂತ ಗೊತ್ತಾಯಿತು. ಆಮೇಲೆ ದ್ರಾಕ್ಷಿ ಮದ್ಯವನ್ನು ಕುದಿಸದೆ ಹದವಾಗಿ ಬಿಸಿ ಮಾಡಿದರೆ ಕೆಡುವುದಿಲ್ಲ ಎಂದು ತೋರಿಸಿಕೊಟ್ಟರು. ಅದೇ ಪಾಶ್ಚರೀಕರಣ. ಹಾಲಿಗೆ ಅದನ್ನು ತಂದವರು ಅವರ ನಂತರದವರು. ಬೆಳಿಗ್ಗೆ ನಾವು ಡೈರಿಗೆ ಹಾಕುವ ಹಾಲನ್ನು ಯಂತ್ರದಲ್ಲಿ ಸುಮಾರು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣ್ಣಗೆ ಮಾಡುವುದು ಈ ವಿಧಾನದಿಂದಲೇ.

1865ರಲ್ಲಿ ಫ್ರಾನ್ಸಿನ ರೇಷ್ಮೆ ರೈತರು ಗಂಟುರೋಗದಿಂದ ಮುಳುಗಿಹೋಗಿದ್ದರು. ಪಾಶ್ಚರ್ ಅವರು ಅಲ್ಲಿಯವರೆಗೆ ರೇಷ್ಮೆ ಹುಳು ಮುಟ್ಟಿದವರಲ್ಲ. ಆದರೂ ಅಲೆಸ್ ಎಂಬ ಸೀಮೆಗೆ ಹೋಗಿ ವರ್ಷಗಟ್ಟಲೆ ಹುಳುಗಳ ಜೊತೆ ಕೂತರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಆ ಮೊಟ್ಟೆ ಸುಡುವುದು ಎಂಬ ದಾರಿ ಹಾಕಿಕೊಟ್ಟರು. ನಮ್ಮ ರಾಜ್ಯದ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಚಿಟ್ಟೆ ಪರೀಕ್ಷೆ ನಡೆಯುವುದು ಇದೇ ಪ್ರಕಾರ.

ಆ ಕಾಲದಲ್ಲೇ ಅವರ ಮನೆಯ ಕಥೆ ಬೇರೆ ಇತ್ತು. 1859ರಲ್ಲಿ ದೊಡ್ಡ ಮಗಳು ವಿಷಮಶೀತ ಜ್ವರದಲ್ಲಿ ಹೋದಳು. 1865ರಲ್ಲಿ ಎರಡು ವರ್ಷದ ಕೂಸು, 1866ರಲ್ಲಿ ಹನ್ನೆರಡು ವರ್ಷದ ಇನ್ನೊಬ್ಬ ಮಗಳು. 1868ರಲ್ಲಿ ಅವರಿಗೇ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿತು. ವಯಸ್ಸು ಆಗ ನಲವತ್ತೈದು, ಹೆಚ್ಚೂ ಕಡಿಮೆ ನಮ್ಮದೇ ವಯಸ್ಸು. ಅವರ ಹೆಸರು ಜಗತ್ತಿಗೆಲ್ಲ ಹಬ್ಬಿಸಿದ ಲಸಿಕೆಯ ಕೆಲಸ ಪೂರಾ ನಡೆದದ್ದು ಅದಾದ ಮೇಲೆ. ಈ ಮಾತು ಬರೆಯುವಾಗ ನಮಗೆ ಕೈ ನಿಂತುಹೋಯಿತು.

1879-80ರಲ್ಲಿ ಕೋಳಿ ಕಾಲರಾ ಮೇಲೆ ಕೆಲಸ ಮಾಡುತ್ತಾ, ಹಳೆಯದಾಗಿ ಬಲ ಕುಂದಿದ ರೋಗಾಣುವನ್ನು ಚುಚ್ಚಿದರೆ ಕೋಳಿ ಸಾಯುವುದಿಲ್ಲ, ಮುಂದೆ ಬಲವಾದ ರೋಗವನ್ನೂ ತಡೆಯುತ್ತದೆ ಅಂತ ಕಂಡುಕೊಂಡರು. ಮೇವಿನ ಹೊಲದಲ್ಲಿ ದನ ಕುರಿ ದಿಢೀರನೆ ಸಾಯಿಸುವ ನೆರಡಿ ರೋಗಕ್ಕೂ ಅದೇ ತತ್ವ ಹೂಡಿದರು. 1881ರ ಮೇ ತಿಂಗಳಲ್ಲಿ ಪುಯಿ ಲ ಫೋರ್ ಎಂಬ ಹಳ್ಳಿಯ ಒಂದು ತೋಟದಲ್ಲಿ, ಎಲ್ಲರ ಎದುರಿಗೆ 24 ಕುರಿಗಳಿಗೆ ಲಸಿಕೆ ಹಾಕಿ, ಇನ್ನು 24ಕ್ಕೆ ಹಾಕದೆ ಬಿಟ್ಟರು. ಆಮೇಲೆ ಎಲ್ಲಕ್ಕೂ ರೋಗ ಚುಚ್ಚಿದರು. ಜೂನ್ 2ರಂದು ಜನ ಸೇರಿ ನೋಡುವಾಗ ಲಸಿಕೆ ಹಾಕಿದವು ನಿಂತಿದ್ದವು. ಹಾಕದ ಕುರಿಗಳು ಒಂದೂ ಬಿಡದೆ ಸಂಜೆಯೊಳಗೆ ಸತ್ತವು. ಆದರೆ ಅಲ್ಲಿ ಬಳಸಿದ ಲಸಿಕೆ ತಯಾರಾದದ್ದು ಅವರ ಸಹಾಯಕರ ವಿಧಾನದಲ್ಲಿ. ಅದನ್ನು ಪಾಶ್ಚರ್ ಅವರು ಬಾಯಿಬಿಟ್ಟು ಹೇಳಲಿಲ್ಲ ಅನ್ನುವುದು ಅವರ ನೋಟುಪುಸ್ತಕಗಳಿಂದ ನೂರು ವರ್ಷದ ಮೇಲೆ ಹೊರಬಂತು. ದೊಡ್ಡವರಲ್ಲೂ ಕುಂದು ಇರುತ್ತದೆ, ಮುಚ್ಚಿಡುವುದು ನಮಗೆ ಸರಿ ಕಾಣಲಿಲ್ಲ.

ಹುಚ್ಚುನಾಯಿ ರೋಗ

1880ರಿಂದ ಪಾಶ್ಚರ್ ಅವರೂ ಎಮಿಲ್ ರೂ ಎಂಬ ಡಾಕ್ಟರೂ ಹುಚ್ಚುನಾಯಿ ರೋಗಕ್ಕೆ ಕೈ ಹಾಕಿದರು. ಇದರ ರೋಗಾಣು ಎಷ್ಟು ಸಣ್ಣದೆಂದರೆ ಅವರ ಸೂಕ್ಷ್ಮದರ್ಶಕದಲ್ಲಿ ಕಾಣಲೇ ಇಲ್ಲ. ಕಾಣದ ಶತ್ರುವಿನ ಜೊತೆ ಹೋರಾಟ. ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರೆ ದಿನ ಕಳೆದಂತೆ ಅದರ ವಿಷ ಇಳಿಯುತ್ತದೆ, ಹದಿನಾಲ್ಕು ದಿನಕ್ಕೆ ನಿರುಪಾಯ ಆಗುತ್ತದೆ ಅಂತ ಕಂಡರು. ಮೊದಲು ಹೆಚ್ಚು ಒಣಗಿದ್ದು, ದಿನ ದಿನಕ್ಕೂ ಕಡಿಮೆ ಒಣಗಿದ್ದು, ಹೀಗೆ ಚುಚ್ಚುತ್ತಾ ಹೋದ ನಾಯಿಗಳಿಗೆ ಹುಚ್ಚು ಹಿಡಿಯಲಿಲ್ಲ. 1884ರಲ್ಲಿ ಸರ್ಕಾರದ ಸಮಿತಿ ಬಂದು ನೋಡಿ ಒಪ್ಪಿತು.

ಸದಸ್ಯರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಈ ಲಸಿಕೆ ಮೊದಲು ಕೆಲಸ ಮಾಡಿದ್ದು ನಾಯಿಗೆ. ದೇಶದ ನಾಯಿಗಳಿಗೆಲ್ಲ ಲಸಿಕೆ ಹಾಕಿಬಿಟ್ಟರೆ ಮನುಷ್ಯರಿಗೆ ರೋಗವೇ ಬರುವುದಿಲ್ಲ ಎಂಬ ಯೋಚನೆಯೂ ಆಗ ಬಂದಿತ್ತು. ಆದರೆ ಫ್ರಾನ್ಸಿನಲ್ಲಿ ಲಕ್ಷಗಟ್ಟಲೆ ನಾಯಿಗಳು. ಒಂದೊಂದಕ್ಕೂ ದಿನ ಬಿಡದೆ ಇಷ್ಟೊಂದು ಚುಚ್ಚುಮದ್ದು ಕೊಡುವವರು ಯಾರು, ಅಷ್ಟು ಮೊಲ ತರುವುದು ಎಲ್ಲಿಂದ? ಆಗದ ಮಾತು ಅಂತ ಬಿಟ್ಟು, ಕಚ್ಚಿಸಿಕೊಂಡ ಮನುಷ್ಯರನ್ನು ಉಳಿಸುವ ಕಡೆ ತಿರುಗಿದರು.

1885ರ ಜುಲೈ 6ರಂದು ಅಲ್ಸಾಸ್ ಸೀಮೆಯಿಂದ ಒಬ್ಬ ತಾಯಿ ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರನನ್ನು ಕರೆತಂದಳು. ಎರಡು ದಿನದ ಹಿಂದೆ ನಾಯಿ ಅವನನ್ನು ಹದಿನಾಲ್ಕು ಕಡೆ ಕಚ್ಚಿತ್ತು. ಪಾಶ್ಚರ್ ಡಾಕ್ಟರಲ್ಲ, ಹಾಗಾಗಿ ಗ್ರಾಂಶೆ ಎಂಬ ಡಾಕ್ಟರು ಸೂಜಿ ಚುಚ್ಚಿದರು. ಹುಡುಗ ಸತ್ತರೆ ಹೊಣೆ ಪಾಶ್ಚರ್ ಅವರದೇ. ಜುಲೈ 16ರವರೆಗೆ 13 ಚುಚ್ಚುಮದ್ದು. ಆ ರಾತ್ರಿಗಳಲ್ಲಿ ಅವರಿಗೆ ನಿದ್ದೆ ಇರಲಿಲ್ಲ. ಹುಡುಗ ಉಳಿದ. ದೊಡ್ಡವನಾದ ಮೇಲೆ ಪಾಶ್ಚರ್ ಸಂಸ್ಥೆಯಲ್ಲೇ ಬಾಗಿಲು ಕಾಯುವ ಕೆಲಸಕ್ಕೆ ಸೇರಿ 1940ರವರೆಗೆ ಬದುಕಿದ. ಅದೇ 1885ರ ಅಕ್ಟೋಬರಿನಲ್ಲಿ ಬಂದವನು ಜುಪಿಯ್ ಎಂಬ ಹದಿನೈದು ವರ್ಷದ ಕುರಿ ಕಾಯುವ ಹುಡುಗ. ಚಿಕ್ಕ ಮಕ್ಕಳನ್ನು ಉಳಿಸಲು ಹುಚ್ಚು ನಾಯಿಗೆ ತಾನೇ ಎದುರು ನಿಂತು ಕೈ ಕಚ್ಚಿಸಿಕೊಂಡಿದ್ದ. ಅವನೂ ಉಳಿದ.

ಆದರೆ ನವೆಂಬರಿನಲ್ಲಿ ಬಂದ ಹತ್ತು ವರ್ಷದ ಲೂಯಿಸ್ ಪೆಲ್ತಿಯೆ ಎಂಬ ಹುಡುಗಿ ಉಳಿಯಲಿಲ್ಲ. ಕಚ್ಚಿದ್ದು ತಲೆಗೆ, ಕರೆತಂದದ್ದು 37 ದಿನದ ಮೇಲೆ. ಹೊತ್ತು ಮೀರಿದೆ, ಕೆಟ್ಟ ಹೆಸರು ಬರುತ್ತದೆ ಅಂತ ಗೊತ್ತಿದ್ದೂ ಪಾಶ್ಚರ್ ಅವರು ಇಲ್ಲ ಅನ್ನಲಾರದೆ ಹೋದರು.

ಊರೂರಿನಿಂದ ಜನ ಬರತೊಡಗಿದರು. ಸಿರಿವಂತರ ದೊಡ್ಡ ಕಾಣಿಕೆಯೂ ಬಡವರ ಬಿಡಿಕಾಸೂ ಸೇರಿ 25 ಲಕ್ಷ ಫ್ರಾಂಕಿಗೂ ಮೇಲೆ ಕೂಡಿತು. 1888ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ನಮ್ಮ ಡೈರಿ ಕಟ್ಟಡವೂ ಷೇರು ಹಣ, ಲೀಟರಿಗೆ ಇಷ್ಟು ಅಂತ ಹಿಡಿದು ಕಟ್ಟಿದ್ದೇ ಅಲ್ಲವೇ? ಅವರು ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು. ಆ ದಿನವನ್ನು ಈಗ ವಿಶ್ವ ರೇಬೀಸ್ ದಿನ ಅಂತ ಆಚರಿಸುತ್ತಾರೆ.

ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಆದವು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಿದ್ದ ಕುರಿ ಮೆದುಳಿನ ಲಸಿಕೆ ಹಿರಿಯರಿಗೆ ನೆನಪಿರಬೇಕು. 2005ರ ಹೊತ್ತಿಗೆ ಅದು ನಿಂತುಹೋಯಿತು. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚಿದರೆ ಆಯಿತು.

ನಮ್ಮ ಮನೆಯಲ್ಲಿ ಆದದ್ದು

ಇಷ್ಟು ಬರೆದು ನಮ್ಮದೇ ತಪ್ಪು ಹೇಳದಿದ್ದರೆ ಅನ್ಯಾಯ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ನಾಯಿ ಭಾದ್ರಪದದಲ್ಲಿ ಐದು ಮರಿ ಹಾಕಿತು. ಎರಡು ಮರಿ ರಕ್ತಭೇದಿ ಹತ್ತಿ ಮೂರೇ ದಿನದಲ್ಲಿ ಹೋದವು. ಎರಡನ್ನು ಕೊಟ್ಟು ಒಂದು ಇಟ್ಟುಕೊಂಡೆವು. ಮೂರು ತಿಂಗಳಾಯಿತು, ಹುಚ್ಚಿನ ಲಸಿಕೆ ಹಾಕಿಸಿ ಎಂದು ಪಶುವೈದ್ಯರು ಹೇಳಿದರು. ರಾಗಿ ಕೊಯ್ಲು ಮುಗಿಯಲಿ ಅಂದೆವು. ಆಮೇಲೆ ಒಕ್ಕಣೆ. ಆಮೇಲೆ ಮರೆತೇಹೋಯಿತು. ಬೇಸಿಗೆಯಲ್ಲಿ ಅದು ಬೇರೆ ಯಾವುದೋ ನಾಯಿಯಿಂದ ಕಚ್ಚಿಸಿಕೊಂಡು ಬಂತು, ಒಂದೂವರೆ ತಿಂಗಳಲ್ಲಿ ಕೆರಳಿ ಕೊಟ್ಟಿಗೆಗೆ ನುಗ್ಗಿ ಹಸುವನ್ನು ಕಚ್ಚಿ ಸತ್ತಿತು. ಹಸುವಿಗೂ ನಾವು ಏನೂ ಹಾಕಿಸಲಿಲ್ಲ. ಸ್ವಲ್ಪ ದಿನದ ಮೇಲೆ ಹಸು ಮೇವು ಬಿಟ್ಟು ಜೊಲ್ಲು ಸುರಿಸುತ್ತಾ ನಿಂತಾಗ, ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ನಾವು ಬಾಯೊಳಗೆ ಕೈ ಹಾಕಿ ನೋಡಿದೆವು. ಅದು ಗಂಟಲು ಬದಲಾಗಿ ಕೂಗಿದಾಗ ಪಶುವೈದ್ಯರಿಗೆ ಅರ್ಥವಾಯಿತು. ಹಾಲು ಚೆಲ್ಲಿದೆವು, ಹಸು ಹೋಯಿತು, ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡಿ ಲಸಿಕೆ ಹಾಕಿಸಿಕೊಂಡೆವು. ಕೊಟ್ಟಿಗೆಯಲ್ಲಿ ಕೈ ಆಡಿಸಿದ್ದ ಚಿಕ್ಕ ಮಗಳ ಮುಖ ನೋಡುತ್ತಾ ಕಳೆದ ರಾತ್ರಿಗಳು ನಮಗೂ ಗೊತ್ತು.

ಮಾಡಬೇಕಾದ್ದು ಇಷ್ಟೇ

ಪಶುವೈದ್ಯರಿಂದ ತಿಳಿದುಕೊಂಡದ್ದನ್ನು ಬರೆಯುತ್ತೇವೆ. ಮರಿಗೆ ಹೊಟ್ಟೆಹುಳು ತಾಯಿಯಿಂದಲೇ, ಗರ್ಭದಲ್ಲಿರುವಾಗ ಮತ್ತು ಹಾಲಿನ ಮೂಲಕ ಬರುತ್ತದೆ. ಹೊಟ್ಟೆ ಡುಬ್ಬ, ಮೈ ಸಣಕಲು, ಕೂದಲು ಒರಟು ಇದ್ದರೆ ಹುಳು ಇದೆ ಎಂದೇ ಲೆಕ್ಕ. ಎರಡು ಮೂರು ವಾರಕ್ಕೆ ಮೊದಲ ಹುಳುವಿನ ಔಷಧ, ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ತಾಯಿಗೂ ಕೊಡಬೇಕು. ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಕೊಡಿ, ದನದ ಔಷಧ ಮಿಕ್ಕಿದೆ ಅಂತ ಹುಯ್ಯಬೇಡಿ. ಈ ಹುಳುವಿನ ಮೊಟ್ಟೆ ಅಂಗಳದ ಮಣ್ಣಿನಲ್ಲಿ ಬಿದ್ದು, ಆಡುವ ಮಕ್ಕಳ ಹೊಟ್ಟೆಗೂ ಸೇರುತ್ತದೆ. ಕುರಿ ಕೊಯ್ದಾಗ ಹಸಿ ಕರುಳು ಈಲಿ ನಾಯಿಗೆ ಎಸೆಯುವುದೂ ತಪ್ಪು.

ಆರರಿಂದ ಎಂಟು ವಾರಕ್ಕೆ ರಕ್ತಭೇದಿ ತರುವ ಪಾರ್ವೊ, ಡಿಸ್ಟೆಂಪರ್ ಮೊದಲಾದವಕ್ಕೆ ಮೊದಲ ಲಸಿಕೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದು ಯಾವಾಗ ಇಳಿಯುತ್ತದೆಂದು ಹೇಳಲು ಬಾರದು. ಆದ್ದರಿಂದ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ ಮತ್ತೆ ಮತ್ತೆ ಹಾಕುತ್ತಾರೆ. ಮೂರು ತಿಂಗಳಿಗೆ ಹುಚ್ಚಿನ ಲಸಿಕೆ, ಆಮೇಲೆ ಡಾಕ್ಟರು ಹೇಳಿದಾಗ ಇನ್ನೊಂದು, ಮುಂದೆ ವರ್ಷ ವರ್ಷ. ಇಷ್ಟಾಗಿಯೂ ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇವತ್ತಿಗೂ ಇಲ್ಲ.

ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇಡೀ ಫ್ರಾನ್ಸಿನ ಲೆಕ್ಕದಲ್ಲಿ ಪಾಶ್ಚರ್ ಅವರಿಗೆ ಆಗದ ಮಾತು ಅನಿಸಿದ್ದು, ನಾಯಿಗೆ ವರ್ಷಕ್ಕೊಂದು ಸೂಜಿ ಸಾಕಾಗಿರುವ ಈ ಕಾಲದಲ್ಲಿ ಒಂದು ಹಳ್ಳಿಗೆ ಆಗದ್ದೇನಲ್ಲ. ಮನೆ ನಾಯಿ, ಬೀದಿ ನಾಯಿ, ಮರಿ ಎಲ್ಲ ಎಣಿಸಿ ನೋಡಿದರೆ ನಮ್ಮೂರಿನದು ಒಂದು ದಿನದ ಕೆಲಸ. ಬರುವ ಸರ್ವಸದಸ್ಯರ ಸಭೆಯಲ್ಲಿ ನಾವು ಒಂದು ಠರಾವು ಮಂಡಿಸುತ್ತೇವೆ. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ಬೆಳಿಗ್ಗೆ ಹಾಲು ಹಾಕಿದ ಮೇಲೆ ಡೈರಿ ಅಂಗಳದಲ್ಲಿ ಪಶುವೈದ್ಯರನ್ನು ಕರೆಸಿ ನಾಯಿಗಳಿಗೆ ಲಸಿಕೆ, ಮರಿಗಳಿಗೆ ಹುಳುವಿನ ಔಷಧ ಹಾಕಿಸುವುದು. ಖರ್ಚಿಗೆ ಸಂಘದ ಲಾಭದಲ್ಲಿ ಒಂದಿಷ್ಟು ತೆಗೆದಿಡುವುದು. ಮೂರು ತಿಂಗಳು ತುಂಬುವ ಮರಿ ಆ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಸದಸ್ಯರೆಲ್ಲ ಕೈ ಎತ್ತಿ ಒಪ್ಪಿಗೆ ಕೊಡಬೇಕೆಂದು ವಿನಂತಿ.

ಜೈ ಸಹಕಾರ.